ಸ್ಟ್ಯಾನ್‌ಫರ್ಡ್ ಟೆನಿಸ್: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಟೆನಿಸ್ ಎಂದರೆ ಜಾನ್ ಮೆಕೆನ್ರೋ ಹೆಸರೇ ಕೇಳುತ್ತೇವೆ. ಅವರು ಅಲ್ಲಿ ಎಷ್ಟು ವರ್ಷ ಆಡಿದರು? (ಮೈಸೂರಿನ ಓದುಗರು)

ಉತ್ತರ: ಒಂದೇ ವರ್ಷ. 1977ರಲ್ಲಿ, 18ನೇ ವಯಸ್ಸಿಗೆ, ಅರ್ಹತಾ ಸುತ್ತಿನಿಂದ ಬಂದು ವಿಂಬಲ್ಡನ್ ಸೆಮಿಫೈನಲ್ ಮುಟ್ಟಿದ ಮೇಲೆ ಅವರು ಕಾಲೇಜಿಗೆ ಸೇರಿದರು. 1978ರ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗಳ ಸಂಸ್ಥೆ) ಟೂರ್ನಿಯ ಸಿಂಗಲ್ಸ್ ಫೈನಲ್‌ನಲ್ಲಿ ಜಾನ್ ಸಾಡ್ರಿಯವರನ್ನು 7-6, 7-6, 5-7, 7-6ರಿಂದ ಸೋಲಿಸಿದರು. ಗೆದ್ದ ಮೂರೂ ಸೆಟ್ ಟೈಬ್ರೇಕ್‌ನಲ್ಲೇ ಬಂದವು.

ಆದರೆ ಈ ಇತಿಹಾಸದ ನಿಜವಾದ ಕೇಂದ್ರ ಕೋಚ್ ಡಿಕ್ ಗೋಲ್ಡ್. 1966ರಲ್ಲಿ ಹೊಣೆ ಹೊತ್ತು 2004ರವರೆಗೂ ಇದ್ದರು. 1973ರಲ್ಲಿ ಎನ್‌ಸಿಎಎಯ ಮೊದಲ ತಂಡ ಪ್ರಶಸ್ತಿ, 2000ದಲ್ಲಿ ಹದಿನೇಳನೆಯದು! 1998ರಲ್ಲಿ ಅವರ ಶಿಷ್ಯ ಬಾಬ್ ಬ್ರಯಾನ್ ಸಿಂಗಲ್ಸ್, ಅವಳಿ ಸಹೋದರ ಮೈಕ್ ಜೊತೆ ಡಬಲ್ಸ್, ತಂಡ ಪ್ರಶಸ್ತಿ ಮೂರನ್ನೂ ಗೆದ್ದರು. ಮಹಿಳೆಯರೂ ಕಡಿಮೆಯಿಲ್ಲ: ಎನ್‌ಸಿಎಎ ಮಹಿಳಾ ಟೂರ್ನಿ ಆರಂಭವಾದ 1982ರಲ್ಲೇ ಗೆದ್ದರು, 1986ರಿಂದ 1991ರವರೆಗೆ ಸತತ ಆರು ಬಾರಿ.

ಪ್ರಶ್ನೆ: ಕಾಲೇಜು ಟೆನಿಸ್‌ನಲ್ಲಿ ತಂಡ 4-3ರಿಂದ ಗೆಲ್ಲುವುದು ಹೇಗೆ? (ಶಿವಮೊಗ್ಗ)

ಉತ್ತರ: 1977ಕ್ಕೆ ಮುಂಚೆ ಒಬ್ಬೊಬ್ಬ ಆಟಗಾರನ ಗೆಲುವಿನ ಅಂಕ ಕೂಡಿಸಿ ತಂಡಕ್ಕೆ ಪ್ರಶಸ್ತಿ ಕೊಡುತ್ತಿದ್ದರು. ಒಬ್ಬಿಬ್ಬರು ಘಟಾನುಘಟಿಗಳಿದ್ದರೆ ಸಾಕಿತ್ತು. ಆ ವರ್ಷದಿಂದ ತಂಡಕ್ಕೆ ತಂಡ ಎದುರಾಯಿತು. ತಂಡದ ಆರನೇ ಸ್ಥಾನದ ಆಟಗಾರನಿಗೂ ಬೆಲೆ ಬಂದದ್ದು ಆಗಲೇ. ನಮ್ಮ ದೃಷ್ಟಿಯಲ್ಲಿ ಕಾಲೇಜು ಟೆನಿಸ್‌ನ ಅತಿ ಒಳ್ಳೆಯ ಬದಲಾವಣೆ ಇದು.

ಈಗಿನ ಕ್ರಮದಲ್ಲಿ ಮೊದಲು ಮೂರು ಡಬಲ್ಸ್, ತಲಾ ಒಂದೇ ಸೆಟ್. ಎರಡು ಗೆದ್ದ ತಂಡಕ್ಕೆ ಒಂದು ಅಂಕ. ಮೂರನೆಯದು ಮುಗಿಯದಿದ್ದರೆ ಅಲ್ಲಿಗೇ ನಿಲ್ಲಿಸುತ್ತಾರೆ. ಆಮೇಲೆ ಆರು ಸಿಂಗಲ್ಸ್, ಒಂದೊಂದಕ್ಕೆ ಒಂದು ಅಂಕ. ಮೊದಲು ನಾಲ್ಕು ಮುಟ್ಟಿದವರು ಗೆದ್ದಂತೆ. ಡಬಲ್ಸ್ ಅಂಕ ಏಳರಲ್ಲಿ ಒಂದೇ ತಾನೆ ಎಂದು ಹಗುರ ಮಾಡಿದ ತಂಡ, ಆರು ಸಿಂಗಲ್ಸ್‌ನಲ್ಲಿ ನಾಲ್ಕನ್ನು ಗೆಲ್ಲಲೇಬೇಕಾಗುತ್ತದೆ; ಎದುರಾಳಿಗೆ ಮೂರು ಸಾಕು. ಇನ್ನೊಂದು ವಿಷಯ: ಡ್ಯೂಸ್ (40-40 ಸಮ) ಆದರೆ ಒಂದೇ ಪಾಯಿಂಟ್‌ನಲ್ಲಿ ಗೇಮ್ ತೀರ್ಮಾನ. ಯಾವ ಬದಿಯಲ್ಲಿ ನಿಂತು ಸರ್ವ್ ಎದುರಿಸಬೇಕೆಂಬ ಆಯ್ಕೆ ರಿಸೀವರ್‌ದು.

ಪ್ರಶ್ನೆ: ಎನ್‌ಸಿಎಎ ಟೂರ್ನಿಯಲ್ಲಿ ನಮ್ಮವರು ಯಾರಾದರೂ ಗೆದ್ದಿದ್ದಾರೆಯೇ? (ಹುಬ್ಬಳ್ಳಿ)

ಉತ್ತರ: ಬೆಂಗಳೂರಿನ ನಂಟಿರುವ ಮಹೇಶ್ ಭೂಪತಿ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಪರ, ಅಲಿ ಹಮಾದೆ ಜೊತೆಗೂಡಿ 1995ರ ಡಬಲ್ಸ್ ಗೆದ್ದರು. ವರ್ಜೀನಿಯಾ ವಿಶ್ವವಿದ್ಯಾಲಯದ ಪರ ಆಡಿದ ಸೋಮದೇವ್ ದೇವ್‌ವರ್ಮನ್ 2006ರಲ್ಲಿ ಸಿಂಗಲ್ಸ್ ಫೈನಲ್ ಸೋತರು. ಆ ಪಂದ್ಯ ನಡೆದದ್ದು ಸ್ಟ್ಯಾನ್‌ಫರ್ಡ್ ಅಂಗಳದಲ್ಲೇ. 2007ರಲ್ಲಿ ಜಾನ್ ಇಸ್ನರ್ ಅವರನ್ನು ಮಣಿಸಿ ಪ್ರಶಸ್ತಿ ಪಡೆದರು, 2008ರಲ್ಲೂ ಅದನ್ನು ಉಳಿಸಿಕೊಂಡರು.