ಮೇ ತಿಂಗಳಲ್ಲಿ ಎರಡು ದಿನ ಮುಂಬೈ: ಊಟ-ತಿಂಡಿ ನೋಡಿಕೊಂಡು ಎಲ್ಲೆಲ್ಲಿ ಸುತ್ತಬಹುದು?

ಮೇ ಬಿಸಿಲಿಗಿಂತ ಮುಂಬೈಯಲ್ಲಿ ಬೆವರಿನ ಕಾಟವೇ ಜಾಸ್ತಿ. ಹಾಗಾಗಿ ಹೊರಗಿನ ಜಾಗಗಳನ್ನು ಬೆಳಿಗ್ಗೆ ಅಥವಾ ಸಂಜೆಗೆ ಇಟ್ಟುಕೊಳ್ಳಿ.

ಶುರು ಮಾಟುಂಗಾದಿಂದಲೇ ಆಗಲಿ. ನಮ್ಮ ಮೈಸೂರು ಅಸೋಸಿಯೇಷನ್ ಇರುವ ಏರಿಯಾ, ಕನ್ನಡ ಕಿವಿಗೆ ಬೀಳುತ್ತದೆ. ರಾಮ ಆಶ್ರಯದಲ್ಲೋ ಕೆಫೆ ಮದ್ರಾಸ್‌ನಲ್ಲೋ ಇಡ್ಲಿ, ದೋಸೆ, ಫಿಲ್ಟರ್ ಕಾಫಿ. ಭಾನುವಾರವಾದರೆ ಕ್ಯೂ ಗ್ಯಾರಂಟಿ. ಬಾಳೆಎಲೆ ಊಟ ಬೇಕಿದ್ದರೆ ಸ್ಟೇಷನ್ ಪಕ್ಕದಲ್ಲೇ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ, 1942ರದ್ದು. ಎರಡನ್ನೂ ಒಂದೇ ಹೊತ್ತಿಗೆ ತಿನ್ನಲು ಹೋಗಬೇಡಿ!

ಅಲ್ಲಿಂದ ಸಿಎಸ್‌ಎಂಟಿಗೆ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಸ್ಲೋ ಲೋಕಲ್, ಅಂದರೆ ಎಲ್ಲ ಸ್ಟೇಷನ್‌ಗಳಲ್ಲೂ ನಿಲ್ಲುವ ರೈಲು ಹಿಡಿಯಿರಿ, ಮಾಟುಂಗಾದಲ್ಲಿ ಫಾಸ್ಟ್ ನಿಲ್ಲುವುದಿಲ್ಲ. ಸಿಎಸ್‌ಎಂಟಿ ಸ್ಟೇಷನ್ನೇ ವಿಶ್ವ ಪರಂಪರೆಯ ತಾಣ, ಒಂದು ಗಳಿಗೆ ನಿಂತು ನೋಡಿ. ನಡೆದೇ ಕ್ರಾಫರ್ಡ್ ಮಾರ್ಕೆಟ್‌ಗೆ ಹೋಗಬಹುದು. ಹಾಪುಸ್ (ಆಲ್ಫಾನ್ಸೊ) ಮಾವು ಸಿಗುವ ಕಾಲ, ಆದರೆ ಮೊದಲು ಹೇಳಿದ ರೇಟಿಗೆ ಸುಮ್ನೆ ಕೊಳ್ಳಬೇಡಿ, ಚೌಕಾಸಿ ಮಾಡಿ. ಸುಸ್ತಾದರೆ ಧೋಬಿ ತಲಾವ್‌ನ ಕಯಾನಿಯಲ್ಲಿ ಬ್ರುನ್ ಮಸ್ಕಾ (ಬೆಣ್ಣೆ ಹಚ್ಚಿದ ಗಟ್ಟಿ ಬನ್), ಇರಾನಿ ಚಹಾ. 1904ರಿಂದ ನಡೆಯುತ್ತಿರುವ ಕೆಫೆ. ಸಂಜೆ ಮರೀನ್ ಡ್ರೈವ್.

ಎರಡನೇ ದಿನ ಬೆಳಿಗ್ಗೆಯೇ ಗೇಟ್‌ವೇ ಆಫ್ ಇಂಡಿಯಾದಿಂದ ಎಲಿಫೆಂಟಾ ದ್ವೀಪದ ಬೋಟ್ ಹತ್ತಿ, ಸುಮಾರು ಒಂದು ಗಂಟೆ ದಾರಿ. ಸೋಮವಾರ ಅಲ್ಲಿನ ಗುಹೆಗಳಿಗೆ ರಜೆ. ಮೆಟ್ಟಿಲು ಹತ್ತುವುದಿದೆ, ನೀರು ಒಯ್ಯಿರಿ. ವಾಪಸ್ ಬಂದ ಮೇಲೆ ಗೇಟ್‌ವೇ ಹತ್ತಿರದ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ ನೋಡಿ. ಜುಹು ಬೀಚ್ ದೂರ, ಎರಡೇ ದಿನವಾದರೆ ನಾನಂತೂ ಬಿಟ್ಟುಬಿಡುತ್ತೇನೆ. ಬದಲಿಗೆ ದಾದರ್‌ನಲ್ಲಿ ಇಳಿದು ಆಸ್ವಾದ್ ಹೋಟೆಲ್‌ನಲ್ಲಿ ಮಿಸಳ್ (ಪಾವ್ ಜೊತೆ ಕೊಡುವ ಮೊಳಕೆ ಕಾಳಿನ ಖಾರದ ತಿಂಡಿ) ತಿನ್ನಿ.