1979ರಿಂದ ಸಾಲಾಗಿ ಕೇಳಲು ಹೊರಟವರಿಗೆ

ನಿನ್ನೆ ರಾತ್ರಿ ಈ ವೇದಿಕೆಯಲ್ಲಿ ನಿಮ್ಮ ಪ್ರಶ್ನೆಯನ್ನು ಓದಿದ ಮೇಲೆ ಉತ್ತರ ಬರೆಯದೆ ಇರಲು ನನ್ನಿಂದ ಆಗಲಿಲ್ಲ. ಆರಂಭಕಾಲದ ಹಿಪ್ ಹಾಪ್ ಆಲ್ಬಂಗಳನ್ನು 1979ರಿಂದ 1989ರವರೆಗೆ ಬಿಡುಗಡೆಯ ಕ್ರಮದಲ್ಲಿ ಒಂದನ್ನೂ ಬಿಡದೆ ಕೇಳುವುದೆಂದು ಪಟ್ಟಿ ಮಾಡಿಕೊಂಡಿದ್ದೀರಿ. ಅಡುಗೆ ಮಾಡುತ್ತ ಫೋನಿನ ಸ್ಪೀಕರಿನಲ್ಲಿ ಕೇಳುತ್ತಿದ್ದೀರಿ. ಮೂರನೆಯ ವಾರಕ್ಕೆ 1982ಕ್ಕೆ ಬಂದು ಸುಸ್ತಾಗಿ, ಎಲ್ಲವೂ ಒಂದೇ ತರಹ ಕೇಳಿಸುತ್ತಿದೆ, ಜನ ಇದನ್ನು ಏಕೆ ಹೊಗಳುತ್ತಾರೆ ಎಂದು ಕೇಳಿದ್ದೀರಿ. ಹದಿನೇಳು ವರ್ಷಗಳ ಹಿಂದೆ ನಾನೂ ಇದೇ ಪಟ್ಟಿಯನ್ನು ಮಾಡಿಕೊಂಡಿದ್ದೆ, ಇದೇ ಜಾಗದಲ್ಲಿ ಮುಗ್ಗರಿಸಿದ್ದೆ. ಆದ್ದರಿಂದ ಕೆಳಗಿನ ಮಾತುಗಳಲ್ಲಿ ಗದರಿಕೆ ಕಂಡರೆ ಅದರ ಅರ್ಧ ಪಾಲು ಅಂದಿನ ನನಗೇ ಸೇರಬೇಕು.

ಆ ಸಂಗೀತ ಆಲ್ಬಂಗಾಗಿ ಹುಟ್ಟಿದ್ದಲ್ಲ. 1973ರ ಆಗಸ್ಟ್ 11ರಂದು ನ್ಯೂಯಾರ್ಕ್ ನಗರದ ಬ್ರಾಂಕ್ಸಿನ 1520 ಸೆಡ್ಜ್‌ವಿಕ್ ಅವೆನ್ಯೂ ಕಟ್ಟಡದಲ್ಲಿ ಡಿಜೆ ಕೂಲ್ ಹರ್ಕ್ ನಡೆಸಿದ ಪಾರ್ಟಿಯಿಂದ ಲೆಕ್ಕ ಹಿಡಿದರೆ, ಅಂಗಡಿಯಲ್ಲಿ ಕೊಳ್ಳುವ ವಸ್ತುವಾಗಿ ಅದು ದೇಶವಿಡೀ ಹಬ್ಬಿದ್ದು ಆರು ವರ್ಷಗಳ ನಂತರ, ಅದೂ ಹನ್ನೆರಡು ಇಂಚಿನ ಸಿಂಗಲ್‌ನ, ಅಂದರೆ ಒಂದೇ ಹಾಡಿಗಾಗಿ ಮಾರುವ ರೆಕಾರ್ಡಿನ, ರೂಪದಲ್ಲಿ. ಷುಗರ್‌ಹಿಲ್ ಗ್ಯಾಂಗ್ ತಂಡದ 'ರ‍್ಯಾಪರ್ಸ್ ಡಿಲೈಟ್'ನ ಮೂಲ ಮುದ್ರಣ ಹದಿನಾಲ್ಕೂವರೆ ನಿಮಿಷದಷ್ಟಿದೆ. ಆ ಉದ್ದವೇ ಪಾರ್ಟಿಯ ಉದ್ದವನ್ನು ನೆನಪಿಸುತ್ತದೆ. ಸಿಂಗಲ್ ಗೆದ್ದ ಮೇಲೆ ಕಂಪನಿಗಳಿಗೆ ಎಲ್‌ಪಿ, ಅಂದರೆ ಇಡೀ ಆಲ್ಬಂ ಹಿಡಿಸುವ ರೆಕಾರ್ಡ್, ಬೇಕಾಯಿತು, ಎಲ್‌ಪಿಯ ಎರಡು ಬದಿಗಳನ್ನು ತುಂಬಿಸಲು ಕೈಗೆ ಸಿಕ್ಕಿದ್ದನ್ನೆಲ್ಲ ತುಂಬಿಸಿದರು. ಕರ್ಟಿಸ್ ಬ್ಲೋ ಅವರ 1980ರ ಮೊದಲ ಆಲ್ಬಂನಲ್ಲಿ 'ದಿ ಬ್ರೇಕ್ಸ್' ಇದೆ, ನಿಜ. ಆದರೆ ಅದೇ ಆಲ್ಬಂನಲ್ಲಿ ಅವರು ಬಾಕ್‌ಮನ್-ಟರ್ನರ್ ಓವರ್‌ಡ್ರೈವ್ ಎಂಬ ಕೆನಡಾದ ರಾಕ್ ತಂಡದ ಹಾಡನ್ನು ಹಾಡುತ್ತಾರೆ, ಒಂದು ನಿಧಾನಗತಿಯ ಪ್ರೇಮಗೀತೆಯನ್ನೂ ಹಾಡುತ್ತಾರೆ. ನೀವು ಮೂರು ವಾರ ಕೇಳಿ ದಣಿದಿರುವುದು ಹಿಪ್ ಹಾಪಿನಿಂದಲ್ಲ, ಈ ಭರ್ತಿ ಸಾಮಾನಿನಿಂದ.

ನನ್ನ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಆಗ ನಾನು ಒಂದು ನೋಟ್‌ಬುಕ್ ಇಟ್ಟುಕೊಂಡು ಪ್ರತಿ ಹಾಡಿಗೂ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಿದ್ದೆ, ಮೇಷ್ಟ್ರು ಉತ್ತರಪತ್ರಿಕೆ ತಿದ್ದಿದ ಹಾಗೆ. ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಆ್ಯಂಡ್ ದಿ ಫ್ಯೂರಿಯಸ್ ಫೈವ್ ತಂಡದ 'ದಿ ಮೆಸೇಜ್' ಆಲ್ಬಂ ಬಂದಾಗ, ಎಲ್ಲರೂ ಕೊಂಡಾಡುವ ಆ ಹಾಡಿಗಾಗಿ ಕಾದು ಕುಳಿತೆ. ಅದು ಏಳು ಹಾಡುಗಳ ಆಲ್ಬಂ, ಆ ಹಾಡು ಇರುವುದು ಕಟ್ಟಕಡೆಗೆ. ಅದಕ್ಕಿಂತ ಮೊದಲು ಸ್ಟೀವಿ ವಂಡರ್ ಅವರನ್ನು ಭೇಟಿಯಾಗುವ ಕನಸಿನ ಹಾಡು, ಅದರ ಬೆನ್ನಿಗೆ 'ಯೂ ಆರ್' ಎಂಬ ಮೃದುವಾದ ಗೀತೆ. ನಾನು ಆ ಗೀತೆಯ ನಡುವೆಯೇ ನಿಲ್ಲಿಸಿ, ಮೂರು ಅಂಕ ಬರೆದು, ಈ ಸಂಗೀತ ವಸ್ತುಸಂಗ್ರಹಾಲಯಕ್ಕೆ ಸರಿ ಎಂದು ಗೆಳೆಯರ ಮುಂದೆ ತೀರ್ಪು ಕೊಟ್ಟು, ನಾಲ್ಕು ವರ್ಷ ಆ ಕಡೆ ತಿರುಗಿ ನೋಡಲಿಲ್ಲ. ಇನ್ನೊಂದು ಹಾಡಿನಷ್ಟು ತಾಳ್ಮೆ ಇದ್ದಿದ್ದರೆ ಮೆಲ್ಲಿ ಮೆಲ್ ಮತ್ತು ಡ್ಯೂಕ್ ಬೂಟಿ ಕಟ್ಟಿದ ಆ ಏಳು ನಿಮಿಷ ನನಗೂ ಸಿಗುತ್ತಿತ್ತು. ಅದರಲ್ಲಿ ತಂಡದ ಡಿಜೆ ಫ್ಲ್ಯಾಶ್ ಅವರ ಕೈಚಳಕ ಇಲ್ಲ, ಫ್ಯೂರಿಯಸ್ ಫೈವ್‌ನ ಪೈಕಿ ರ‍್ಯಾಪ್ ಮಾಡಿದವರು ಮೆಲ್ ಒಬ್ಬರೇ ಎಂಬುದೂ ಆಮೇಲೆ ತಿಳಿಯಿತು. ಫ್ಲ್ಯಾಶ್ ಅವರ ಕೈಯನ್ನು ಕೇಳಬೇಕಾದರೆ 1981ರ 'ವೀಲ್ಸ್ ಆಫ್ ಸ್ಟೀಲ್' ಸಿಂಗಲ್‌ಗೆ ಹೋಗಬೇಕು.

ನನ್ನನ್ನು ಮರಳಿ ಕರೆತಂದದ್ದು ಒಬ್ಬ ಸಹೋದ್ಯೋಗಿಯ ಮನೆಯಲ್ಲಿ ಕಳೆದ ಒಂದು ಸಂಜೆ. ಅವರು ಏನನ್ನೂ ಹೇಳದೆ ಬಾಬ್ ಜೇಮ್ಸ್ ಎಂಬ ಜಾಝ್ ಕಲಾವಿದರ 1975ರ 'ಟೇಕ್ ಮಿ ಟು ದಿ ಮಾರ್ಡಿ ಗ್ರಾ' ಹಚ್ಚಿದರು. ಶುರುವಿನಲ್ಲೇ ಡ್ರಮ್ ಮತ್ತು ಗಂಟೆಗಳು ಬರುತ್ತವೆ, ಆಮೇಲೆ ಹಾಡು ಬೇರೆ ದಾರಿ ಹಿಡಿಯುತ್ತದೆ. ಅಷ್ಟನ್ನು ಎರಡು ಸಲ ಕೇಳಿಸಿ, ತೆಗೆದು, ರನ್-ಡಿಎಂಸಿ ತಂಡದ 'ರೈಸಿಂಗ್ ಹೆಲ್' ಆಲ್ಬಂನ ಮೊದಲ ಹಾಡು 'ಪೀಟರ್ ಪೈಪರ್' ಹಚ್ಚಿದರು. ಅದೇ ಗಂಟೆಗಳು! ಆದರೆ ಈಗ ಅವು ತಂಡದ ಡಿಜೆ ಜಾಮ್ ಮಾಸ್ಟರ್ ಜೇ ಅವರ ಬೆರಳುಗಳ ಕೆಳಗೆ ತುಂಡಾಗಿ, ತಿರುಗಿ, ಇಬ್ಬರು ಎಮ್‌ಸಿಗಳ (ರ‍್ಯಾಪ್ ಮಾಡುವವರ) ಮಾತಿನ ನಡುವೆ ಸರಿಯಾದ ಜಾಗದಲ್ಲಿ ಬಂದು ಬೀಳುತ್ತಿದ್ದವು. ಕೆಲವೇ ಕ್ಷಣಗಳ ತುಣುಕನ್ನು ಒಂದು ಇಡೀ ಹಾಡಿನ ನೆಲವನ್ನಾಗಿ ಮಾಡುವುದೇ ಈ ಕಲೆ ಎಂಬುದು ಯಾವ ಪುಸ್ತಕದಿಂದಲೂ ನನಗೆ ಹಾಗೆ ತಿಳಿದಿರಲಿಲ್ಲ.

ಅಂದಿನಿಂದ ನನ್ನ ಪದ್ಧತಿ ಒಂದೇ: ಮೊದಲು ಮೂಲದ ಬ್ರೇಕ್ (ಹಳೆಯ ಹಾಡಿನಿಂದ ಎತ್ತಿಕೊಂಡ ಅಂಥ ತುಣುಕು), ನಂತರ ಆಲ್ಬಂ, ಅದೂ ಒಂದು ಸಲಕ್ಕೆ ಒಂದೇ ಸೈಡ್. ವರ್ಷದ ಕ್ರಮವನ್ನು ಬಿಟ್ಟುಬಿಡಿ. 1986ರ 'ರೈಸಿಂಗ್ ಹೆಲ್'ನಿಂದ ಶುರು ಮಾಡಿ, 1988ರವರೆಗೆ ಮುಂದಕ್ಕೆ ಹೋಗಿ, ಆಮೇಲೆ ಹಿಂದಕ್ಕೆ ನಡೆಯಿರಿ. 1984ಕ್ಕಿಂತ ಹಿಂದಿನದನ್ನು ಆಲ್ಬಂಗಳಾಗಿ ಕೇಳಲೇಬೇಡಿ, ಸಿಂಗಲ್‌ಗಳಾಗಿ ಕೇಳಿ. ಆಫ್ರಿಕಾ ಬಂಬಾಟಾ ಅವರ 'ಪ್ಲ್ಯಾನೆಟ್ ರಾಕ್' ಒಂದು ಸಂಜೆಗೆ ಒಂದೇ ಸಾಕು, ಅದರ ಮೊದಲು ಕ್ರಾಫ್ಟ್‌ವೆರ್ಕ್ ತಂಡದ 'ಟ್ರಾನ್ಸ್-ಯುರೋಪ್ ಎಕ್ಸ್‌ಪ್ರೆಸ್' ಕೇಳಿರಬೇಕು.

ನನ್ನ ಮೆಚ್ಚಿನವುಗಳಲ್ಲಿ ಮೊದಲನೆಯದು ಎರಿಕ್ ಬಿ ಮತ್ತು ರಕೀಮ್ ಅವರ 1987ರ 'ಪೇಡ್ ಇನ್ ಫುಲ್'. ಇದರ ಬಗ್ಗೆ ವಾದಕ್ಕೆ ಬರುವವರು ಬರಲಿ. ರಕೀಮ್‌ಗಿಂತ ಮೊದಲು ಹೆಚ್ಚಿನ ಎಮ್‌ಸಿಗಳು ಸಾಲಿನ ಕೊನೆಯಲ್ಲಿ ಪ್ರಾಸವನ್ನು ಇಟ್ಟು, ಅದರ ಮೇಲೆ ಕೂಗಿ, ಮುಂದಿನ ಸಾಲಿಗೆ ಹೋಗುತ್ತಿದ್ದರು. ಇವರು ಕೂಗುವುದಿಲ್ಲ. ಪ್ರಾಸ ಸಾಲಿನ ನಡುವೆ ಬರುತ್ತದೆ, ವಾಕ್ಯ ಸಾಲನ್ನು ದಾಟಿ ಹರಿಯುತ್ತದೆ, ಉಸಿರು ಎಲ್ಲಿ ತೆಗೆದುಕೊಂಡರೆಂದು ತಿಳಿಯುವುದೇ ಇಲ್ಲ. ಸ್ಯಾಕ್ಸೊಫೋನ್ ನುಡಿಸಿ ಬೆಳೆದವರು ಎಂಬುದು ಅಲ್ಲಿ ಗೊತ್ತಾಗುತ್ತದೆ. ನಮ್ಮ ಹಳಗನ್ನಡ ಕಾವ್ಯದಲ್ಲಿ ಪ್ರಾಸ ಪಾದದ ಎರಡನೆಯ ಅಕ್ಷರದಲ್ಲಿ ಕೂರುತ್ತದಲ್ಲವೇ? ಕೊನೆಯಲ್ಲಿ ಬಂದರೆ ಮಾತ್ರ ಪ್ರಾಸ ಎಂಬ ನಂಬಿಕೆ ಇಲ್ಲದ ಕಿವಿಗೆ ರಕೀಮ್ ಬೇಗ ಹತ್ತುತ್ತಾರೆ ಎಂದು ನನ್ನ ಅನಿಸಿಕೆ. ಕೇಳುವ ಮುನ್ನ ಬಾಬಿ ಬರ್ಡ್ ಅವರ 1971ರ 'ಐ ನೋ ಯೂ ಗಾಟ್ ಸೋಲ್', ಸೋಲ್ ಸರ್ಚರ್ಸ್ ತಂಡದ 1974ರ 'ಆ್ಯಶ್ಲೀಸ್ ರೋಚ್‌ಕ್ಲಿಪ್' ಎರಡನ್ನೂ ಕೇಳಿಟ್ಟುಕೊಳ್ಳಿ. ಒಂದು ಎಚ್ಚರಿಕೆ: ಇಸ್ರೇಲಿನ ಗಾಯಕಿ ಓಫ್ರಾ ಹಾಝಾ ಅವರ ದನಿ ಇರುವ 'ಪೇಡ್ ಇನ್ ಫುಲ್' ಬ್ರಿಟನ್ನಿನ ಕೋಲ್ಡ್‌ಕಟ್ ಮಾಡಿದ ರೀಮಿಕ್ಸ್, ಮೂಲ ಆಲ್ಬಂನಲ್ಲಿ ಅದು ಇಲ್ಲ. ಇನ್ನೊಂದು ಮಾತು, ಹತ್ತು ಹಾಡುಗಳಲ್ಲಿ ಮೂರು ಬರಿಯ ಡಿಜೆ ವಾದ್ಯತುಣುಕುಗಳು. ಅಭಿಮಾನಿಯಾದ ನಾನೂ ಅವುಗಳಲ್ಲಿ ಒಂದನ್ನು ದಾಟಿಸಿಬಿಡುತ್ತೇನೆ.

ಪಬ್ಲಿಕ್ ಎನಿಮಿಯ 1988ರ 'ಇಟ್ ಟೇಕ್ಸ್ ಎ ನೇಷನ್ ಆಫ್ ಮಿಲಿಯನ್ಸ್' ಆಲ್ಬಂಗೆ ಸೈಡ್‌ನ ನಿಯಮ ಕಡ್ಡಾಯ. ಎಲ್‌ಪಿಯಲ್ಲಿ ಒಂದು ಬದಿಗೆ 'ಸಿಲ್ವರ್', ಇನ್ನೊಂದಕ್ಕೆ 'ಬ್ಲ್ಯಾಕ್' ಎಂದು ಹೆಸರಿಟ್ಟಿದ್ದಾರೆ, ಎರಡರಲ್ಲೂ ಎಂಟೆಂಟು ತುಣುಕುಗಳು. ಫೋನಿನಲ್ಲಿ ಕೇಳುವವರು ಎಂಟನೆಯದರ ನಂತರ ನಿಲ್ಲಿಸಿ, ಒಂದು ಲೋಟ ಕಾಫಿ ಕುಡಿದು ಮುಂದುವರಿಯಬೇಕು. ಇಲ್ಲದಿದ್ದರೆ ಅದರ ನಿರ್ಮಾಪಕರ ತಂಡ ಬಾಂಬ್ ಸ್ಕ್ವಾಡ್ ಹೇರಿದ ಸದ್ದಿನ ಪದರಗಳಿಗೆ ಕಿವಿ ಮರಗಟ್ಟಿ, ಎರಡನೆಯ ಬದಿಯಲ್ಲಿರುವ 'ರೆಬೆಲ್ ವಿದೌಟ್ ಎ ಪಾಝ್' ನಿಮಗೆ ಬರಿಯ ಗಲಾಟೆಯಾಗಿ ಕೇಳಿಸುತ್ತದೆ. ಆ ಹಾಡಿನಲ್ಲಿ ಕೀರಲು ಶಿಳ್ಳೆಯಂತೆ ಮತ್ತೆ ಮತ್ತೆ ಬರುವುದು ಜೆಬೀಸ್ ತಂಡದ 1970ರ 'ದಿ ಗ್ರಂಟ್'ನ ಸ್ಯಾಕ್ಸೊಫೋನ್. ಅದರ ಕೆಳಗಿರುವುದು ಜೇಮ್ಸ್ ಬ್ರೌನ್ ಅವರ 'ಫಂಕಿ ಡ್ರಮ್ಮರ್', ಅಂದರೆ ಕ್ಲೈಡ್ ಸ್ಟಬಲ್‌ಫೀಲ್ಡ್ ಅವರ ಕೈ. ಈ ಒಂದು ಬ್ರೇಕನ್ನಾದರೂ ಬಾಯಿಪಾಠ ಮಾಡಿಕೊಳ್ಳಿ. ಉದ್ದದ ಮುದ್ರಣದಲ್ಲಿ ಐದು ನಿಮಿಷ ದಾಟಿದ ಮೇಲೆ ಬರುತ್ತದೆ, ಆದ್ದರಿಂದ ಮೂರು ನಿಮಿಷದ ತುಂಡು ಮುದ್ರಣವನ್ನು ಕೇಳಿ ಸಿಗಲಿಲ್ಲ ಎಂದು ಇಲ್ಲಿ ಬಂದು ದೂರಬೇಡಿ.

ಬೂಗಿ ಡೌನ್ ಪ್ರೊಡಕ್ಷನ್ಸ್‌ನ 'ಕ್ರಿಮಿನಲ್ ಮೈಂಡೆಡ್' (1987) ಒಂದು ಜಗಳದ ಅರ್ಧ ಭಾಗ. ಮೊದಲರ್ಧವನ್ನು, ಅಂದರೆ ಎಮ್‌ಸಿ ಶಾನ್ ಅವರ 'ದಿ ಬ್ರಿಡ್ಜ್' ಸಿಂಗಲನ್ನು ಕೇಳದೆ 'ದಿ ಬ್ರಿಡ್ಜ್ ಈಸ್ ಓವರ್' ಕೇಳುವುದೆಂದರೆ ಹರದೇಶಿ–ನಾಗೇಶಿ ಹಾಡಿಕೆಯಲ್ಲಿ ಒಂದೇ ಮೇಳದ ಪದ ಕೇಳಿ ಎದ್ದು ಬಂದಂತೆ. ಶಾನ್ ಅವರ ಕಡೆಯ ಕ್ವೀನ್ಸ್‌ಬ್ರಿಡ್ಜ್‌ನವರು ತಮ್ಮ ಬಡಾವಣೆಯನ್ನು ಹಾಡಿದರು, ಬೂಗಿ ಡೌನ್‌ನ ಎಮ್‌ಸಿ, ಸೌತ್ ಬ್ರಾಂಕ್ಸಿನ ಕೆಆರ್‌ಎಸ್-ಒನ್ ಅದನ್ನು ತಮ್ಮ ಊರಿಗೆ ಹಾಕಿದ ಸವಾಲೆಂದು ತೆಗೆದುಕೊಂಡರು. ಅದರ ಪಿಯಾನೊ ಮತ್ತು ಗಾಯನದ ವರಸೆಯಲ್ಲಿ ಜಮೈಕಾದ ಡ್ಯಾನ್ಸ್‌ಹಾಲ್ ನೇರವಾಗಿ ಕೇಳಿಸುತ್ತದೆ. ಆಲ್ಬಂ ಬಂದ ವರ್ಷದ ಆಗಸ್ಟ್‌ನಲ್ಲೇ ತಂಡದ ಡಿಜೆ ಸ್ಕಾಟ್ ಲಾ ರಾಕ್ ಗುಂಡಿಗೆ ಬಲಿಯಾದರು. ಮುಖಪುಟದ ಬಂದೂಕುಗಳನ್ನು ಅದಾದ ಮೇಲೆ ಯಾರೂ ಮೊದಲಿನಂತೆ ನೋಡಲಾಗಲಿಲ್ಲ.

ಈ ಆಲ್ಬಂನ ಎಲ್‌ಪಿಯಲ್ಲೇ ನಾನು ಮೋಸ ಹೋದದ್ದು. ಯಾವುದೋ ಮಾರಾಟಗಾರರಿಂದ ಆನ್‌ಲೈನಿನಲ್ಲಿ ತರಿಸಿದೆ. ಬಂದದ್ದು ನಕಲಿ ಮುದ್ರಣ: ಮುಖಪುಟ ಮಸುಕು, ಸದ್ದು ಡಬ್ಬದೊಳಗಿನಿಂದ ಬಂದಂತೆ. ಕೊಳ್ಳುವ ಮುನ್ನ ಲೇಬಲ್ ಪಕ್ಕದ ಖಾಲಿ ಪಟ್ಟಿಯಲ್ಲಿ ಕೆತ್ತಿರುವ ಸಂಖ್ಯೆಯ ಚಿತ್ರವನ್ನು ಕೇಳಿ ತರಿಸಿಕೊಂಡು, ರೆಕಾರ್ಡ್‌ಗಳ ವಿವರ ಪಟ್ಟಿ ಮಾಡುವ ಡಿಸ್ಕಾಗ್ಸ್ ಜಾಲತಾಣದಲ್ಲಿ ಹೋಲಿಸಿ ನೋಡಿ. ಚಿತ್ರ ಕಳಿಸಲು ಸತಾಯಿಸುವವರಿಂದ ಕೊಳ್ಳಬೇಡಿ.

ನನಗಿಂತ ಮೊದಲು ಉತ್ತರಿಸಿದ ಒಬ್ಬರು ನಿಮಗೆ ಸೂಟ್‌ಕೇಸ್ ಮಾದರಿಯ ರೆಕಾರ್ಡ್ ಪ್ಲೇಯರ್ ಕೊಳ್ಳಲು ಹೇಳಿದ್ದಾರೆ. ದಯವಿಟ್ಟು ಬೇಡ. ಅದರ ಭಾರದ ತೋಳು ಒಳ್ಳೆಯ ಎಲ್‌ಪಿಯಲ್ಲಿ ಸೂಜಿ ಓಡುವ ಗೀರುಗಳನ್ನು ಸವೆಸುತ್ತದೆ. ಟೆಕ್ನಿಕ್ಸ್ ಎಸ್‌ಎಲ್-1200 ಕೊಳ್ಳಲು ಹೇಳುವವರಿಗೂ ಇದೇ ಮಾತು. ಅದು ಡಿಜೆಗಳ ಕೈಗೆ ತಕ್ಕ ಅದ್ಭುತ ಯಂತ್ರ, ಆದರೆ ಸ್ಕ್ರ್ಯಾಚ್ ಮಾಡದವರಿಗೆ (ರೆಕಾರ್ಡನ್ನು ಕೈಯಿಂದ ಹಿಂದೆ ಮುಂದೆ ಎಳೆದು ಸದ್ದು ತೆಗೆಯದವರಿಗೆ) ಅಷ್ಟು ಹಣ ಸುರಿಯುವ ಅಗತ್ಯವಿಲ್ಲ. ನಿಮಗೆ ಈಗ ಬೇಕಿರುವುದು ತಂತಿಯಿರುವ ಒಂದು ಹೆಡ್‌ಫೋನ್ ಮಾತ್ರ. ನಾನು ಬಳಸುವುದು ಕಾಸ್ ಪೋರ್ಟಾ ಪ್ರೊ. ಅದು ಮಾರುಕಟ್ಟೆಗೆ ಬಂದದ್ದು 1984ರಲ್ಲಿ, ರನ್-ಡಿಎಂಸಿಯ ಮೊದಲ ಆಲ್ಬಂ ಬಂದ ವರ್ಷವೇ. ಬಾಸ್ ಹೆಚ್ಚಿಸುವುದಾಗಿ ಡಬ್ಬದ ಮೇಲೆ ಬರೆದುಕೊಂಡ ಯಾವುದನ್ನೂ ಕೊಳ್ಳಬೇಡಿ, ಅವು ಮಾತನ್ನು ಮುಳುಗಿಸುತ್ತವೆ. ಇನ್ನು ಫೋನಿನ ಸ್ಪೀಕರಿನ ವಿಷಯ: 808 ಡ್ರಮ್ ಮಷಿನ್ನಿನ ಕಿಕ್ ಇರುವುದೇ ಆ ಪುಟ್ಟ ಸ್ಪೀಕರ್ ನುಡಿಸಲಾರದ ಕೆಳಸ್ತರದಲ್ಲಿ. ಹಾಡಿನ ಅಡಿಪಾಯವನ್ನೇ ತೆಗೆದು ಕೇಳಿ ಅದು ಪೊಳ್ಳು ಎಂದರೆ ತಪ್ಪು ಯಾರದು?

ರನ್-ಡಿಎಂಸಿಯ ಅದೇ ಮೊದಲ ಆಲ್ಬಂನ 'ಸಕ್ಕರ್ ಎಮ್‌ಸೀಸ್' ಬಗ್ಗೆ ನೀವು "ಬೀಟ್ ಖಾಲಿ ಇದೆ" ಎಂದು ಬರೆದಿದ್ದೀರಿ. ಪಟ್ಟಿಯ ಕ್ರಮವನ್ನು ಮೀರಿ ಅದನ್ನು ಕೇಳಿದ್ದಕ್ಕೆ ಸಂತೋಷ. ಖಾಲಿ ಇರುವುದು ನಿಜ, ಬೇಕೆಂದೇ ಖಾಲಿ ಬಿಟ್ಟದ್ದು. ಷುಗರ್ ಹಿಲ್ ಕಂಪನಿಯ ರೆಕಾರ್ಡ್‌ಗಳಲ್ಲಿ ಸ್ಟುಡಿಯೊದ ವಾದ್ಯವೃಂದ ಡಿಸ್ಕೊ ನುಡಿಸುತ್ತಿದ್ದ ಕಾಲದಲ್ಲಿ, ಕ್ವೀನ್ಸ್‌ನ ಹಾಲಿಸ್ ಬಡಾವಣೆಯ ಹುಡುಗರು ಬಾಸ್ ಇಲ್ಲದೆ, ಕೀಬೋರ್ಡ್ ಇಲ್ಲದೆ, ಡಿಎಂಎಕ್ಸ್ ಡ್ರಮ್ ಮಷಿನ್ ಮತ್ತು ಒಂದಿಷ್ಟು ಸ್ಕ್ರ್ಯಾಚ್ ಇಟ್ಟುಕೊಂಡು ಮಾತನಾಡಿದರು. ಮೊದಲ ಮೂರು ವಾರದ ಡಿಸ್ಕೊ ನಿಮ್ಮ ಕಿವಿಯಲ್ಲಿ ಇನ್ನೂ ಇದ್ದರೆ, ಅದು ವ್ಯರ್ಥವಾಗಲಿಲ್ಲ ಎಂದು ಈ ಒಂದು ಹಾಡಿನ ಮಟ್ಟಿಗೆ ಒಪ್ಪುತ್ತೇನೆ. ಇದರ ಜೊತೆಗೆ ಎಲ್ಎಲ್ ಕೂಲ್ ಜೆ ಅವರ 1985ರ 'ರೇಡಿಯೊ' ಕೇಳಿ; ಅದರ ಮೇಲೆ ರಿಕ್ ರೂಬಿನ್ ತಾವು ನಿರ್ಮಿಸಿದ್ದಾಗಿ (ಪ್ರೊಡ್ಯೂಸ್ಡ್) ಹಾಕಿಕೊಳ್ಳದೆ, 'ಇಳಿಸಿದ್ದಾಗಿ' (ರಿಡ್ಯೂಸ್ಡ್) ಹಾಕಿಕೊಂಡಿದ್ದಾರೆ.

ಉಳಿದವುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಅಲ್ಟ್ರಾಮ್ಯಾಗ್ನೆಟಿಕ್ ಎಮ್‌ಸೀಸ್‌ನ 'ಕ್ರಿಟಿಕಲ್ ಬೀಟ್‌ಡೌನ್' (1988) ಕೇಳುವಾಗ, ಹಳೆಯ ಹಾಡಿನ ತುಣುಕುಗಳನ್ನು ಹಿಡಿದಿಟ್ಟು ನುಡಿಸುವ ಎಸ್‌ಪಿ-1200 ಯಂತ್ರದಲ್ಲಿ ಒಟ್ಟು ಹತ್ತು ಸೆಕೆಂಡಿನಷ್ಟು ಸದ್ದು ಮಾತ್ರ ಹಿಡಿಯುತ್ತಿತ್ತು ಎಂಬುದನ್ನು ನೆನಪಿಡಿ. 33ರ ವೇಗದ ಎಲ್‌ಪಿಯನ್ನು 45ರಲ್ಲಿ ಓಡಿಸಿ ತುಂಬಿಸಿ, ಯಂತ್ರದೊಳಗೆ ಮತ್ತೆ ನಿಧಾನ ಮಾಡುವುದು ಆ ಯಂತ್ರ ಬಳಸುವವರ ಉಪಾಯವಾಗಿತ್ತು. ಆ ಕಾಲದ ಬೀಟ್‌ಗಳ ಒರಟು ಮಬ್ಬು ಅದರಿಂದಲೂ ಬಂದದ್ದು. ಬಿಗ್ ಡ್ಯಾಡಿ ಕೇನ್ ಅವರ 'ಲಾಂಗ್ ಲಿವ್ ದಿ ಕೇನ್', ಇಪಿಎಂಡಿಯ 'ಸ್ಟ್ರಿಕ್ಟ್ಲಿ ಬಿಸಿನೆಸ್' ಅದೇ ವರ್ಷದವು. ಎರಡೂ ಮೊದಲ ಸಲಕ್ಕೇ ಹಿಡಿಸುತ್ತವೆ, ಪೂರ್ವಸಿದ್ಧತೆ ಬೇಡ. ಸ್ಲಿಕ್ ರಿಕ್ ಅವರಷ್ಟು ಸೊಗಸಾಗಿ ಕಥೆ ಹೇಳುವವರು ವಿರಳ, ಆದರೆ ಅವರ ಮೊದಲ ಆಲ್ಬಂನ ಮೊದಲ ಹಾಡೇ ಹೆಣ್ಣುಮಕ್ಕಳ ಬಗ್ಗೆ ಹೊಲಸು ಮಾತಾಡುತ್ತದೆ. ಮನೆಯಲ್ಲಿ ಜೋರಾಗಿ ಹಚ್ಚಬೇಡಿ, ನನ್ನ ತಾಯಿಗೆ ಇಂಗ್ಲಿಷ್ ಬರುವುದಿಲ್ಲ ಎಂಬ ಧೈರ್ಯದಲ್ಲಿ ಹಚ್ಚಿದಾಗ ತಂಗಿ ಪಕ್ಕದ ಕೋಣೆಯಲ್ಲಿದ್ದಳು. ಡಿ ಲಾ ಸೋಲ್‌ನ '3 ಫೀಟ್ ಹೈ ಆ್ಯಂಡ್ ರೈಸಿಂಗ್' (1989) ಸ್ಟ್ರೀಮಿಂಗ್‌ಗೆ ಬಂದದ್ದೇ 2023ರ ಮಾರ್ಚ್‌ನಲ್ಲಿ, ಹಾಗಾಗಿ ಹಳೆಯ ಪಟ್ಟಿಗಳಲ್ಲಿ ಅದು ಬಿಟ್ಟುಹೋಗಿದ್ದರೆ ಸೇರಿಸಿಕೊಳ್ಳಿ.

ಹಳೆಯ ಹಾಡುಗಳ 'ಹಿಟ್ಸ್' ಸಂಕಲನಗಳನ್ನು ಕಣ್ಣು ಮುಚ್ಚಿ ನಂಬಬೇಡಿ. ಹಲವುಗಳಲ್ಲಿ ಇರುವುದು ತಂಡದ ಒಬ್ಬಿಬ್ಬರು ಮುಂದೆಂದೋ ಮತ್ತೆ ಹಾಡಿ ಮುದ್ರಿಸಿದ ಪ್ರತಿ. ಹಾಡಿನ ಅವಧಿಯನ್ನೂ ಬಿಡುಗಡೆಯ ವರ್ಷವನ್ನೂ ನೋಡಿ. ಹಾಡುಗಳ ಕ್ರಮ ಕಲಸುವ ಷಫಲ್ ಗುಂಡಿಯನ್ನು ಆಫ್ ಮಾಡಿಡಿ.

ಈಗಿನ ಪಟ್ಟಿಯನ್ನು ಅಳಿಸಬೇಡಿ, ಪಕ್ಕಕ್ಕಿಡಿ. ಆರು ತಿಂಗಳ ನಂತರ ಅದೇ 1980ರ ಆಲ್ಬಂಗಳಿಗೆ ಬೇರೆ ಕಿವಿಯಿಂದ ಮರಳುತ್ತೀರಿ. ಈ ಭಾನುವಾರ ಹೆಡ್‌ಫೋನ್ ಹಾಕಿಕೊಂಡು ಬಾಬ್ ಜೇಮ್ಸ್ ಎರಡು ಸಲ, ನಂತರ 'ಪೀಟರ್ ಪೈಪರ್' ಒಂದು ಸಲ ಕೇಳಿ, ಗಂಟೆಗಳು ಮೊದಲು ಎಲ್ಲಿ ಬಂದವು, ಜೇ ಅವುಗಳನ್ನು ಎಲ್ಲಿ ಕತ್ತರಿಸಿದರು ಎಂಬುದನ್ನು ಇಲ್ಲಿಯೇ ಬರೆದು ತಿಳಿಸಿ.