ಅಪ್‌ಲೋಡ್ ಮಾಡುವಾಗ ಮಾತ್ರ ಲ್ಯಾಪ್‌ಟಾಪ್ ವೈಫೈ ಕಡಿದುಹೋಗುತ್ತಿದೆ: ರೂಟರ್ ಬದಲಿಸಲೋ, ರಿಪೀಟರ್ ಹಾಕಲೋ?

ಎರಡೂ ಬೇಡ. ನೀವು ಬರೆದಿರುವ ಲಕ್ಷಣವೆಲ್ಲ ನನಗೆ ಚಿರಪರಿಚಿತ. ಡೌನ್‌ಲೋಡ್ ಸಲೀಸು, ಸಿಗ್ನಲ್ ಕಡ್ಡಿಗಳು ತುಂಬಿವೆ, ಫೋನಿನಲ್ಲಿ ತಕರಾರಿಲ್ಲ, 3 ಜಿಬಿಯ ವಿಡಿಯೊವನ್ನು ಗೂಗಲ್ ಡ್ರೈವ್‌ಗೆ ಹಾಕಹೊರಟರೆ ಮಾತ್ರ ಎರಡು ಮೂರು ನಿಮಿಷದಲ್ಲಿ ಸಂಪರ್ಕ ಬಿದ್ದುಹೋಗುತ್ತದೆ. ಪ್ರಶ್ನೆಯ ನಡುವೆ ಎರಡು ಮಾತನ್ನು ನೀವು ಹಾಗೇ ಹೇಳಿ ಮುಂದೆ ಹೋಗಿದ್ದೀರಿ: ವಿಡಿಯೊ ಇರುವುದು ಹೊರಗಿನ ಹಾರ್ಡ್‌ಡಿಸ್ಕ್‌ನಲ್ಲಿ, ಮತ್ತು ಈಚೆಗೆ ಪರದೆಯ ಹಿಂಜ್ ರಿಪೇರಿ ಮಾಡಿಸಿದ್ದೀರಿ. ನನ್ನ ಉತ್ತರದ ಬಹುಪಾಲು ಆ ಎರಡು ಮಾತಿನ ಮೇಲೆಯೇ ನಿಂತಿದೆ.

ಇಂಥ ತೊಂದರೆಯಲ್ಲಿ ಜನ ದುಡ್ಡು ಕಳೆದುಕೊಳ್ಳುವುದು ಒಂದೇ ತಪ್ಪಿನಿಂದ. ಸಿಗ್ನಲ್ ಕಡ್ಡಿ ನೋಡಿ ಲ್ಯಾಪ್‌ಟಾಪಿನ ವೈಫೈ ಸರಿಯಿದೆ ಎಂದು ತೀರ್ಮಾನಿಸಿಬಿಡುತ್ತಾರೆ. ಆ ಕಡ್ಡಿಗಳು ಹೇಳುವುದು ರೂಟರ್ ನಿಮ್ಮ ಲ್ಯಾಪ್‌ಟಾಪಿಗೆ ಎಷ್ಟು ಜೋರಾಗಿ ಕೇಳಿಸುತ್ತಿದೆ ಎಂಬುದನ್ನು ಮಾತ್ರ. ಲ್ಯಾಪ್‌ಟಾಪ್ ಹೇಳಿದ್ದು ರೂಟರಿಗೆ ಕೇಳಿಸಿತೇ ಎಂಬ ಮಾಹಿತಿ ಅದರಲ್ಲಿ ಎಳ್ಳಷ್ಟೂ ಇಲ್ಲ. ಸಭೆಯಲ್ಲಿ ಮೈಕ್ ಹಿಡಿದವರ ಮಾತು ಹಿಂದಿನ ಸಾಲಿಗೂ ಸ್ಪಷ್ಟವಾಗಿ ಕೇಳುತ್ತದೆ; ಹಿಂದಿನ ಸಾಲಿನವರು ಬರಿಗಂಟಲಲ್ಲಿ ಕೇಳಿದ ಪ್ರಶ್ನೆ ವೇದಿಕೆ ಮುಟ್ಟುತ್ತದೆಂಬ ಖಾತ್ರಿ ಇಲ್ಲ. ರೂಟರ್ ಗೋಡೆಯ ಕರೆಂಟಿನಲ್ಲಿ ಓಡುತ್ತದೆ, ಅದರ ಆಂಟೆನಾಗಳು ದೊಡ್ಡವು. ಲ್ಯಾಪ್‌ಟಾಪಿನ ವೈಫೈ ಕಾರ್ಡ್ ಬ್ಯಾಟರಿ ಉಳಿಸಬೇಕು, ಬಿಸಿಯೂ ಏರಬಾರದು. ಹಾಗಾಗಿ ಸಾಮಾನ್ಯವಾಗಿ ಅದು ರೂಟರಿಗಿಂತ ಕಡಿಮೆ ಶಕ್ತಿಯಲ್ಲೇ ಪ್ರಸಾರ ಮಾಡುತ್ತದೆ.

ಹಾಗಿದ್ದರೆ ಡೌನ್‌ಲೋಡ್ ಹೇಗೆ ಚೆನ್ನಾಗಿ ನಡೆಯುತ್ತದೆ ಎಂದು ಕೇಳುತ್ತೀರಿ. ಡೌನ್‌ಲೋಡ್ ಆಗುವಾಗ ಲ್ಯಾಪ್‌ಟಾಪ್ ಹೆಚ್ಚಾಗಿ ಕಳಿಸುವುದು "ತಲುಪಿತು" ಎನ್ನುವ ಪುಟ್ಟ ಒಪ್ಪಿಗೆಗಳನ್ನು. ವೈಫೈ ಮಟ್ಟದ ಒಪ್ಪಿಗೆಗಳು 5 ಗಿಗಾಹರ್ಟ್ಸ್‌ನಲ್ಲಿ 6, 12, 24 ಎಂಬಿಪಿಎಸ್‌ನಂಥ ನಿಧಾನದ ದರದಲ್ಲಿ ಹೋಗುತ್ತವೆ. ದರ ನಿಧಾನವಾದಷ್ಟೂ ದುರ್ಬಲ ಸಿಗ್ನಲ್‌ನಲ್ಲೂ ಬದುಕಿಕೊಳ್ಳುತ್ತವೆ. ಅಪ್‌ಲೋಡ್‌ನಲ್ಲಿ ಪಾತ್ರ ತಿರುಗುಮುರುಗು. ಈಗ ಲ್ಯಾಪ್‌ಟಾಪ್ ಹತ್ತಾರು ದೊಡ್ಡ ಪ್ಯಾಕೆಟ್‌ಗಳನ್ನು ಕಟ್ಟು ಕಟ್ಟಿ ನೂರಾರು ಎಂಬಿಪಿಎಸ್ ದರದಲ್ಲಿ ಕಳಿಸಬೇಕು, ಅದಕ್ಕೆ ಬಲು ಶುಭ್ರವಾದ ಸಿಗ್ನಲ್ ಬೇಕು. ರೂಟರ್‌ನಿಂದ ಒಪ್ಪಿಗೆ ಬರದಿದ್ದರೆ ಕಾರ್ಡ್ ಅದನ್ನೇ ಮತ್ತೆ ಕಳಿಸುತ್ತದೆ, ದರ ಇಳಿಸಿ ಇನ್ನೊಮ್ಮೆ ಕಳಿಸುತ್ತದೆ. ಮರುಕಳಿಕೆ ಹೆಚ್ಚಿದಂತೆ ಲ್ಯಾಪ್‌ಟಾಪಿನೊಳಗಿನ ಸರತಿ ತುಂಬುತ್ತದೆ, ಕೊನೆಗೆ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಕಾರ್ಡನ್ನು ರೀಸೆಟ್ ಮಾಡುತ್ತದೆ ಇಲ್ಲವೇ ರೂಟರ್ ನಿಮ್ಮನ್ನು ಹೊರಹಾಕುತ್ತದೆ. ಆದ್ದರಿಂದ "ಕಡ್ಡಿ ಪೂರ್ತಿ, ಡೌನ್‌ಲೋಡ್ ಜೋರು, ಅಪ್‌ಲೋಡ್ ಮಾತ್ರ ಸತ್ತಿದೆ" ಎನ್ನುವುದರಲ್ಲಿ ವಿರೋಧಾಭಾಸವೇನೂ ಇಲ್ಲ. ಪ್ರಸಾರ ದುರ್ಬಲವಾದ ಕಾರ್ಡಿನ ಲಕ್ಷಣವೇ ಅದು.

ಏನನ್ನೂ ಬಿಚ್ಚುವ ಮೊದಲು ಹತ್ತು ನಿಮಿಷದ ಒಂದು ಪರೀಕ್ಷೆ ಮಾಡಿ. ಕಮಾಂಡ್ ಪ್ರಾಂಪ್ಟ್ ಕಿಟಕಿ ಎರಡು ತೆರೆಯಿರಿ. ಒಂದರಲ್ಲಿ ನಿಮ್ಮ ರೂಟರಿಗೆ ನಿಲ್ಲದ ಪಿಂಗ್ (ಹೋಗಿ ಮರಳಲು ಎಷ್ಟು ಹೊತ್ತು ಹಿಡಿಯಿತೆಂದು ಅಳೆಯುವ ಪುಟ್ಟ ಪ್ಯಾಕೆಟ್) ಕೊಡಿ: ಪಿಂಗ್ 192.168.1.1 -ಟಿ (ping 192.168.1.1 -t). (ವಿಳಾಸ 192.168.0.1 ಕೂಡ ಇರಬಹುದು. ipconfig ಎಂದು ಕೊಟ್ಟರೆ ಡೀಫಾಲ್ಟ್ ಗೇಟ್‌ವೇ ಎಂಬ ಸಾಲಿನಲ್ಲಿ ಕಾಣುತ್ತದೆ.) ಇನ್ನೊಂದರಲ್ಲಿ ಹೊರಗಿನ ಇಂಟರ್ನೆಟ್‌ನಲ್ಲಿರುವ ಗೂಗಲ್ ಸರ್ವರ್ 8.8.8.8ಕ್ಕೆ ಹಾಗೆಯೇ ಪಿಂಗ್ ಕೊಡಿ. ಎರಡೂ ಓಡುತ್ತಿರಲಿ, ಆಗ ಅಪ್‌ಲೋಡ್ ಶುರುಮಾಡಿ. ರೂಟರಿನ ಪಿಂಗೇ 2-5 ಮಿಲಿಸೆಕೆಂಡಿನಿಂದ ನೂರಾರಕ್ಕೆ ಹಾರಿ "ರಿಕ್ವೆಸ್ಟ್ ಟೈಮ್ಡ್ ಔಟ್" ಬರತೊಡಗಿದರೆ ರೋಗ ಲ್ಯಾಪ್‌ಟಾಪಿಗೂ ರೂಟರಿಗೂ ನಡುವಿನ ಗಾಳಿಯಲ್ಲಿದೆ. ರೂಟರಿನ ಪಿಂಗ್ ಅಲುಗಾಡದೆ 8.8.8.8ರದ್ದು ಮಾತ್ರ ಸಾವಿರ ದಾಟಿದರೆ ವೈಫೈ ನಿರಪರಾಧಿ, ಆ ಸಂಗತಿಗೆ ಆಮೇಲೆ ಬರುತ್ತೇನೆ. ಎರಡೂ ನೆಟ್ಟಗಿದ್ದು ಅಪ್‌ಲೋಡ್ ಮಾತ್ರ ನಿಂತರೆ ವಿಪಿಎನ್, ಆಂಟಿವೈರಸ್ ಅಥವಾ ಎಂಟಿಯು (ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಎಂಬ ಮಿತಿ) ಕಡೆ ನೋಡಬೇಕು.

ಗಾಳಿಯದೇ ತೊಂದರೆ ಎಂದಾದರೆ ಮುಂದಿನ ಆದೇಶ: ನೆಟ್‌ಶ್ ಡಬ್ಲ್ಯೂಲ್ಯಾನ್ ಶೋ ಇಂಟರ್‌ಫೇಸಸ್ (netsh wlan show interfaces). ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಇದಕ್ಕೆ ಲೊಕೇಶನ್ ಅನುಮತಿ ಬೇಕು. ಅದು ಆಫ್ ಇದ್ದರೆ ಆದೇಶ ತಿರಸ್ಕೃತವಾಗುತ್ತದೆ, ಗಾಬರಿಯಾಗಬೇಡಿ. ಬರುವ ಪಟ್ಟಿಯಲ್ಲಿ ರಿಸೀವ್ ರೇಟ್, ಟ್ರಾನ್ಸ್‌ಮಿಟ್ ರೇಟ್ ಎಂದು ಎರಡು ಸಾಲು ಇರುತ್ತವೆ. ಅಪ್‌ಲೋಡ್ ನಡೆಯುತ್ತಿರುವಾಗಲೇ ಇದನ್ನು ನಾಲ್ಕೈದು ಸಲ ಓಡಿಸಿ ನೋಡಿ. ಎರಡು ಆಂಟೆನಾದ ಎಸಿ (ವೈಫೈ 5) ಕಾರ್ಡ್ 80 ಮೆಗಾಹರ್ಟ್ಸ್ ಅಗಲದಲ್ಲಿ 866.7 ತೋರಿಸುತ್ತದೆ, ಒಂದೇ ಆಂಟೆನಾ ಕೆಲಸ ಮಾಡಿದರೆ ಗರಿಷ್ಠ 433.3. ರಿಸೀವ್ ಮೇಲೆಯೇ ಇದ್ದು ಟ್ರಾನ್ಸ್‌ಮಿಟ್ ಎರಡಂಕಿಗೆ ಕುಸಿಯುತ್ತಿದ್ದರೆ ಮೇಲೆ ಹೇಳಿದ್ದಕ್ಕೆ ಸಾಕ್ಷಿ ಸಿಕ್ಕಿತು. ಲಿನಕ್ಸ್‌ನಲ್ಲಿ ಐಡಬ್ಲ್ಯೂ (iw) ಆದೇಶದ ಸ್ಟೇಷನ್ ಡಂಪ್ ಇನ್ನೂ ಒಳ್ಳೆಯದು, ಎಷ್ಟು ಮರುಕಳಿಕೆ ಆಯಿತು ಎಂದು ನೇರವಾಗಿ ಎಣಿಸಿ ಕೊಡುತ್ತದೆ. ಮ್ಯಾಕ್‌ನಲ್ಲಿ ಆಪ್ಷನ್ ಕೀಲಿ ಒತ್ತಿ ವೈಫೈ ಚಿಹ್ನೆ ಕ್ಲಿಕ್ಕಿಸಿದರೆ ಸಾಕು.

ಈಗ ಹಿಂಜ್ ವಿಷಯ. ಬಹುತೇಕ ಲ್ಯಾಪ್‌ಟಾಪುಗಳಲ್ಲಿ ವೈಫೈ ಆಂಟೆನಾಗಳು ಇರುವುದು ಪರದೆಯ ಚೌಕಟ್ಟಿನೊಳಗೆ. ಅಲ್ಲಿಂದ ಕೂದಲಿಗಿಂತ ಒಂದಿಷ್ಟು ದಪ್ಪದ ಎರಡು ತಂತಿಗಳು, ಸಾಮಾನ್ಯವಾಗಿ ಒಂದು ಕಪ್ಪು ಒಂದು ಬಿಳಿ, ಹಿಂಜ್ ಪಕ್ಕದಲ್ಲೇ ನುಸುಳಿ ಕೆಳಗಿನ ಕಾರ್ಡಿಗೆ ಬರುತ್ತವೆ. ಹಿಂಜ್ ಬದಲಿಸುವಾಗ ಸಾಮಾನ್ಯವಾಗಿ ಈ ತಂತಿಗಳನ್ನು ಕಳಚಬೇಕಾಗುತ್ತದೆ. ಮರಳಿ ಹಾಕುವಾಗ ಒಂದು ಅರ್ಧ ಮಾತ್ರ ಕೂತಿರಬಹುದು, ಅಥವಾ ಹಿಂಜ್ ಅಡಿಯಲ್ಲಿ ಸಿಕ್ಕಿ ಚಪ್ಪಟೆಯಾಗಿರಬಹುದು. ಒಂದು ತಂತಿ ಸತ್ತರೂ ಇನ್ನೊಂದರಿಂದ ರೂಟರ್ ಚೆನ್ನಾಗಿ ಕೇಳಿಸುತ್ತದೆ, ಕಡ್ಡಿ ತುಂಬಿಯೇ ಇರುತ್ತದೆ. ಎರಡು ಧಾರೆಯಲ್ಲಿ ಕಳಿಸಹೊರಟಾಗ ಮಾತ್ರ ಒಂದು ಧಾರೆ ಗಾಳಿ ಸೇರದೆ ಕಾರ್ಡಿನಲ್ಲೇ ಉಳಿಯುತ್ತದೆ. ಬಿಚ್ಚದೆಯೇ ಒಂದು ಸುಳಿವು ಸಿಗುತ್ತದೆ: ಅಪ್‌ಲೋಡ್ ನಡೆಯುವಾಗ ಪರದೆಯನ್ನು ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಬಾಗಿಸಿ. ಯಾವುದೋ ಒಂದು ಕೋನದಲ್ಲಿ ಪಿಂಗ್ ಸುಧಾರಿಸಿ ಇನ್ನೊಂದರಲ್ಲಿ ಕೆಟ್ಟರೆ ತಂತಿ ಹಿಂಜ್‌ನಲ್ಲಿ ಸಿಕ್ಕಿದೆ.

ಬಿಚ್ಚುವುದಾದರೆ ಚಾರ್ಜರ್ ತೆಗೆದು, ಪೂರ್ತಿ ಶಟ್‌ಡೌನ್ ಮಾಡಿ, ಹಿಂಬದಿ ಮುಚ್ಚಳ ತೆರೆದೊಡನೆ ಮೊದಲು ಬ್ಯಾಟರಿಯ ಕನೆಕ್ಟರ್ ಕಳಚಿ. ಆಮೇಲೆ ಮಾತ್ರ ಉಳಿದದ್ದು. ವೈಫೈ ಕಾರ್ಡ್ 22 ಮಿಮೀ ಅಗಲ, 30 ಮಿಮೀ ಉದ್ದದ ಹಲಗೆ, ಒಂದೇ ಸ್ಕ್ರೂ. ಅದರ ತುದಿಯಲ್ಲಿ ಸಾಸಿವೆ ಗಾತ್ರದ ಎರಡು ಚಿನ್ನದ ಬಣ್ಣದ ಗುಂಡಿಗಳಿಗೆ ತಂತಿಗಳು ಕೂರುತ್ತವೆ. ತೆಗೆಯುವಾಗ ಪ್ಲಾಸ್ಟಿಕ್ ಚೂಪಿನಿಂದ ನೇರ ಮೇಲಕ್ಕೆ ಎತ್ತಿ, ತಂತಿ ಹಿಡಿದು ಎಳೆಯಬೇಡಿ. ಕೂರಿಸುವಾಗ ಗುಂಡಿಯ ನೆತ್ತಿಗೆ ಸರಿಯಾಗಿ ಇಟ್ಟು ಬೆರಳಿಂದ ನೇರ ಒತ್ತಿ, ಟಕ್ ಎನ್ನಬೇಕು. ಓರೆಯಾಗಿ ಒತ್ತಿದರೆ ಒಳಗಿನ ಸಣ್ಣ ಪಿನ್ ಬಾಗಿ ಕಾರ್ಡೇ ಹಾಳಾಗುತ್ತದೆ. ಈ ಕನೆಕ್ಟರ್‌ಗಳನ್ನು ಮಾಡಿರುವುದು ಕೆಲವೇ ಸಲ ತೆಗೆದು ಹಾಕಲಿಕ್ಕೆ, ಕುತೂಹಲಕ್ಕಾಗಿ ಪದೇ ಪದೇ ಕಳಚಬೇಡಿ. ತಂತಿಯ ಮೇಲೆ ಮಡಚಿದ ಗುರುತು ಅಥವಾ ಸಿಪ್ಪೆ ಕಿತ್ತು ಜಾಲರಿ ಕಂಡರೆ ತಂತಿ ಜೋಡಿಯನ್ನೇ ಬದಲಿಸಬೇಕು. ಬೆಂಗಳೂರಿನವರಾದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಯಲ್ಲಿ ಲ್ಯಾಪ್‌ಟಾಪಿನ ಪೂರ್ತಿ ಮಾದರಿ ಸಂಖ್ಯೆ ಹೇಳಿ ವಿಚಾರಿಸಿ. ಇದು ಕೈಗೆ ಒಗ್ಗದ ಕೆಲಸ ಅನ್ನಿಸಿದರೆ ಹಿಂಜ್ ಹಾಕಿದವರ ಬಳಿಗೇ ಹೋಗಿ "ಆಂಟೆನಾ ತಂತಿ ಎರಡೂ ಕೂತಿವೆಯೇ ನೋಡಿಕೊಡಿ" ಎಂದು ಅಷ್ಟೇ ಕೇಳಿ. "ವೈಫೈ ಸರಿ ಇಲ್ಲ" ಎಂದರೆ ವಿಂಡೋಸ್ ಮರುಸ್ಥಾಪನೆಯಿಂದ ಶುರುವಾಗುತ್ತದೆ.

ಇನ್ನು ಹಾರ್ಡ್‌ಡಿಸ್ಕ್. ಯುಎಸ್‌ಬಿ 3.0 ಸಾಧನ ದತ್ತಾಂಶ ಸಾಗಿಸುವಾಗ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ರೇಡಿಯೊ ಗದ್ದಲ ಎಬ್ಬಿಸುತ್ತದೆ. ಇದು ಊಹೆಯಲ್ಲ, ಇಂಟೆಲ್ ಕಂಪನಿಯೇ 2012ರಲ್ಲಿ ಅಳತೆಗಳ ಸಮೇತ ಇದರ ಬಗ್ಗೆ ವರದಿ ಪ್ರಕಟಿಸಿದೆ. ಗದ್ದಲ ಹುಟ್ಟುವುದು ಪೋರ್ಟ್, ಕೇಬಲ್, ಡಿಸ್ಕಿನ ಡಬ್ಬಿ ಮೂರರಲ್ಲೂ, ಅದೂ ನಿಮ್ಮ ಆಂಟೆನಾದ ಪಕ್ಕದಲ್ಲೇ. ಡಿಸ್ಕ್ ಸುಮ್ಮನಿದ್ದಾಗ ಎಲ್ಲ ಸರಿ. ಅದರಿಂದ ವಿಡಿಯೊ ಓದಿ ಕಳಿಸಲು ಶುರುಮಾಡಿದ ಕ್ಷಣದಿಂದ ರೂಟರಿನ ಒಪ್ಪಿಗೆಗಳು ಲ್ಯಾಪ್‌ಟಾಪಿಗೆ ಕೇಳಿಸುವುದಿಲ್ಲ, ಹೋಗಿ ಮುಟ್ಟಿದ್ದನ್ನೂ ಅದು ಮತ್ತೆ ಮತ್ತೆ ಕಳಿಸುತ್ತದೆ. ಪರೀಕ್ಷೆ ಸುಲಭ. ಅದೇ ವಿಡಿಯೊವನ್ನು ಲ್ಯಾಪ್‌ಟಾಪಿನ ಒಳಗಿನ ಡಿಸ್ಕಿಗೆ ನಕಲು ಮಾಡಿ, ಹೊರಗಿನ ಡಿಸ್ಕ್ ಕಿತ್ತಿಟ್ಟು ಅಪ್‌ಲೋಡ್ ಮಾಡಿ. ಹೋಯಿತೆಂದರೆ ಕಾರಣ ಇದೇ. 5 ಗಿಗಾಹರ್ಟ್ಸ್‌ಗೆ ಬದಲಾಯಿಸಿದರೆ ಈ ಗದ್ದಲ ಬಹುಮಟ್ಟಿಗೆ ತಟ್ಟುವುದಿಲ್ಲ. ಆ ಪಟ್ಟಿ ಇಲ್ಲದ ಹಳೆಯ ರೂಟರಾದರೆ ಡಿಸ್ಕನ್ನು ಯುಎಸ್‌ಬಿ 2.0 ಪೋರ್ಟಿಗೆ ಹಾಕಿ, ಇಲ್ಲವೇ ಇನ್ನೊಂದು ಬದಿಯ ಪೋರ್ಟಿಗೆ ಹಾಕಿ ಡಿಸ್ಕನ್ನು ಅರ್ಧ ಮೀಟರ್ ದೂರ ಇಡಿ. ಟೈಪ್-ಸಿ ಹಬ್‌ಗಳಿಗೂ ಇದೇ ಮಾತು. ಲ್ಯಾಪ್‌ಟಾಪ್ ಮುಚ್ಚಿಟ್ಟು ಬೇರೆ ಮಾನಿಟರಿನಲ್ಲಿ ಕೆಲಸ ಮಾಡುವ ಅಭ್ಯಾಸವಿದ್ದರೆ ಅದನ್ನೂ ಬಿಡಿ. ಆಂಟೆನಾಗಳು ಕೀಬೋರ್ಡಿನ ಲೋಹಕ್ಕೆ ಒತ್ತಿಕೊಂಡು ಕುಳಿತಿರುತ್ತವೆ.

ರೂಟರಿನ ಪಿಂಗ್ ಚೆನ್ನಾಗಿದ್ದು ಹೊರಗಿನದು ಮಾತ್ರ ಕೆಟ್ಟವರಿಗೆ: ನಿಮ್ಮ ಅಪ್‌ಲೋಡ್ ಮಿತಿ 10 ಎಂಬಿಪಿಎಸ್ ಇದ್ದರೆ, ವೈಫೈ ನೂರರ ವೇಗದಲ್ಲಿ ತಂದು ಸುರಿದದ್ದೆಲ್ಲ ರೂಟರಿನ ಸರತಿಯಲ್ಲಿ ನಿಲ್ಲುತ್ತದೆ. ಡಿಎನ್‌ಎಸ್ ಪ್ರಶ್ನೆಯೂ (ಜಾಲತಾಣದ ಹೆಸರಿಗೆ ವಿಳಾಸ ಕೇಳುವ ಪ್ರಶ್ನೆ) ಆ ಸಾಲಿನ ಕೊನೆಗೆ. ವಿಂಡೋಸ್ ಆಗಾಗ ಮೈಕ್ರೋಸಾಫ್ಟ್‌ನ ಒಂದು ಪುಟ ತೆರೆದು ಇಂಟರ್ನೆಟ್ ಇದೆಯೇ ಎಂದು ಪರೀಕ್ಷಿಸುತ್ತದೆ. ಉತ್ತರ ತಡವಾದರೆ "ಇಂಟರ್ನೆಟ್ ಇಲ್ಲ" ಎಂಬ ಗೋಳದ ಚಿಹ್ನೆ ಹಾಕುತ್ತದೆ. ವೈಫೈ ಕಡಿದಿರುವುದೇ ಇಲ್ಲ. ಇದಕ್ಕೆ ಮದ್ದು ಅಪ್‌ಲೋಡನ್ನು ಮಿತಿಯ ಶೇ 85ಕ್ಕೆ ಕಟ್ಟಿಹಾಕುವುದು. ಗೂಗಲ್ ಡ್ರೈವ್‌ನ ಡೆಸ್ಕ್‌ಟಾಪ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಅಪ್‌ಲೋಡ್ ವೇಗವನ್ನು ಸೆಕೆಂಡಿಗೆ ಇಷ್ಟು ಕೆಬಿ ಎಂದು ಹಾಕಬಹುದು. 10 ಎಂಬಿಪಿಎಸ್ ಅಂದರೆ 1250 ಕೆಬಿ, ಆದ್ದರಿಂದ 1060 ಹಾಕಿ. ರೂಟರಿನಲ್ಲಿ ಎಸ್‌ಕ್ಯೂಎಂ (ಸರತಿ ಉದ್ದವಾಗದಂತೆ ನೋಡಿಕೊಳ್ಳುವ) ಸೌಲಭ್ಯವಿದ್ದರೆ ಆ ಮಿತಿಯನ್ನು ಅಲ್ಲೇ ಹಾಕುವುದು ಮೇಲು, ಮನೆಯವರೆಲ್ಲರಿಗೂ ಅನುಕೂಲ.

ಎಂಟಿಯು ತೊಂದರೆಯ ಗುರುತು ಬೇರೆ: ಪುಟಗಳು ತೆರೆಯುತ್ತವೆ, ಅಪ್‌ಲೋಡ್ ಮಾತ್ರ ಶುರುವಿನಲ್ಲೇ ಅಲ್ಲಾಡದೆ ನಿಲ್ಲುತ್ತದೆ. ಪಿಂಗ್ 8.8.8.8 -ಎಫ್ -ಎಲ್ 1472 (ping 8.8.8.8 -f -l 1472) ಕೊಟ್ಟು ನೋಡಿ. 1472ಕ್ಕೆ 28 ಬೈಟ್ ತಲೆಬರಹ ಸೇರಿ 1500. ಪಿಪಿಪಿಒಇ ಮೂಲಕ (ರೂಟರಿನಲ್ಲಿ ಬಳಕೆದಾರರ ಹೆಸರು, ಪಾಸ್‌ವರ್ಡ್ ಕೊಟ್ಟು) ಲಾಗಿನ್ ಆಗುವ ಫೈಬರ್ ಸಂಪರ್ಕದಲ್ಲಿ 8 ಬೈಟ್ ಅದಕ್ಕೇ ಹೋಗುವುದರಿಂದ 1464 ಮಾತ್ರ ದಾಟುತ್ತದೆ. ಆಗ ರೂಟರಿನ ವ್ಯಾನ್ (WAN, ಹೊರಗಿನ ಸಂಪರ್ಕದ) ಪುಟದಲ್ಲಿ ಎಂಟಿಯು 1492 ಇರಬೇಕು, ಪ್ಯಾಕೆಟ್‌ಗಳನ್ನು ಆ ಮಿತಿಯೊಳಗೆ ಇಡುವ ಎಂಎಸ್‌ಎಸ್ ಕ್ಲ್ಯಾಂಪಿಂಗ್ ಆನ್ ಇರಬೇಕು.

ಡ್ರೈವರ್ ಮತ್ತು ವಿದ್ಯುತ್ ಉಳಿತಾಯದ ಸೆಟ್ಟಿಂಗ್‌ಗಳಿಂದ ಶುರುಮಾಡಿ ಎಂದು ಎಲ್ಲರೂ ಹೇಳುತ್ತಾರೆ, ನಾನು ಅದನ್ನು ಕೊನೆಗೆ ಇಡುತ್ತೇನೆ. ಅವು ಕಾರಣವಾಗುವುದುಂಟು, ಆದರೆ ಅಳೆಯದೆ ಬದಲಾಯಿಸಿದರೆ ಯಾವುದು ಸರಿಹೋಯಿತೆಂದು ಗೊತ್ತಾಗುವುದಿಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಕಾರ್ಡಿನ ಪ್ರಾಪರ್ಟೀಸ್ ತೆರೆದು ಪವರ್ ಮ್ಯಾನೇಜ್‌ಮೆಂಟ್ ಪುಟದ ಟಿಕ್ ತೆಗೆಯಿರಿ. ಅಡ್ವಾನ್ಸ್ಡ್ ಪುಟದಲ್ಲಿ ಟ್ರಾನ್ಸ್‌ಮಿಟ್ ಪವರ್ ಎಂಬುದಿದ್ದರೆ ಗರಿಷ್ಠಕ್ಕೆ ಇಡಿ. ಈಚಿನ ಅಪ್‌ಡೇಟ್ ನಂತರ ತೊಂದರೆ ಶುರುವಾಗಿದ್ದರೆ ಡ್ರೈವರನ್ನು ರೋಲ್ ಬ್ಯಾಕ್ ಮಾಡಿ, ಅಂದರೆ ಹಿಂದಿನ ಆವೃತ್ತಿಗೆ ಮರಳಿಸಿ. ಅಡ್ಮಿನ್ ಆಗಿ ನೆಟ್‌ಶ್ ಡಬ್ಲ್ಯೂಲ್ಯಾನ್ ಶೋ ಡಬ್ಲ್ಯೂಲ್ಯಾನ್‌ರಿಪೋರ್ಟ್ (netsh wlan show wlanreport) ಓಡಿಸಿದರೆ ಕಳೆದ 3 ದಿನಗಳಲ್ಲಿ ಯಾವಾಗ, ಯಾವ ಕಾರಣಕ್ಕೆ ಸಂಪರ್ಕ ಕಡಿಯಿತೆಂಬ ವರದಿ ಬರುತ್ತದೆ.

ಕೊಳ್ಳುವ ಮಾತು. ರಿಪೀಟರ್ ಲ್ಯಾಪ್‌ಟಾಪಿನ ದನಿಯನ್ನು ಗಟ್ಟಿ ಮಾಡುವುದಿಲ್ಲ, ಅಗ್ಗದ ರಿಪೀಟರ್ ಕೇಳಿದ್ದನ್ನು ಅದೇ ಚಾನೆಲ್‌ನಲ್ಲಿ ಮತ್ತೊಮ್ಮೆ ಹೇಳಿ ಅರ್ಧ ವೇಗ ತಾನೇ ತಿನ್ನುತ್ತದೆ. ಉಗುರಿನಷ್ಟು ಗಾತ್ರದ ಯುಎಸ್‌ಬಿ ವೈಫೈ ಡಾಂಗಲ್ ಕೂಡ ಬೇಡ, ಅಷ್ಟರಲ್ಲಿ ಒಳ್ಳೆಯ ಆಂಟೆನಾ ಹಿಡಿಸುವುದಿಲ್ಲ. ಕಾರ್ಡೇ ಕೆಟ್ಟಿದೆ ಎಂದು ಖಾತ್ರಿಯಾದರೆ ಇಂಟೆಲ್ ಎಎಕ್ಸ್200 ಅಥವಾ ಎಎಕ್ಸ್210 ತರಿಸಿ. ಎಎಕ್ಸ್201, ಎಎಕ್ಸ್211 ಹೆಸರು ನೋಡಿ ಮೋಸಹೋಗಬೇಡಿ, ಅವು ಹೊಂದುವ ಇಂಟೆಲ್ ಚಿಪ್‌ಸೆಟ್ ಇದ್ದ ಕಡೆ ಮಾತ್ರ ನಡೆಯುತ್ತವೆ, ಎಎಂಡಿ ಲ್ಯಾಪ್‌ಟಾಪಿನಲ್ಲಿ ಜೀವವೇ ಬರುವುದಿಲ್ಲ. ನೀವು ವಾರವಾರವೂ ಇಷ್ಟು ದೊಡ್ಡ ವಿಡಿಯೊ ಕಳಿಸುವವರಾದ್ದರಿಂದ ನನ್ನ ಸಲಹೆ ಒಂದು ಗಿಗಾಬಿಟ್ ಯುಎಸ್‌ಬಿ-ಎತರ್ನೆಟ್ ಅಡಾಪ್ಟರ್ ಮತ್ತು ಕ್ಯಾಟ್ 5ಇ ಕೇಬಲ್. ಕೇಬಲ್ 100 ಮೀಟರ್‌ವರೆಗೆ ಎಳೆಯಬಹುದು, ಮನೆಯೊಳಗೆ ಅಷ್ಟು ಯಾರಿಗೂ ಬೇಕಾಗುವುದಿಲ್ಲ.

ಇಷ್ಟಾದರೂ ಬಗೆಹರಿಯದಿದ್ದರೆ ಅಪ್‌ಲೋಡ್ ನಡೆಯುವಾಗಿನ ಎರಡು ಪಿಂಗ್‌ಗಳ ಸಂಖ್ಯೆ, ಟ್ರಾನ್ಸ್‌ಮಿಟ್ ರೇಟ್, ಚಾನೆಲ್ ಸಂಖ್ಯೆ, ಕಾರ್ಡಿನ ಹೆಸರು ಇಷ್ಟನ್ನು ಕೆಳಗೆ ಬರೆಯಿರಿ, ನೋಡಿ ಹೇಳುತ್ತೇನೆ. ಸ್ಪೀಡ್‌ಟೆಸ್ಟ್ ಚಿತ್ರ ಬೇಡ, ಅದು ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ನಿಮ್ಮ ತೊಂದರೆ ಶುರುವಾಗುವುದೇ ಎರಡು ನಿಮಿಷದ ಮೇಲೆ.